ಸತ್ತ ನಕ್ಷತ್ರಕ್ಕೆ ಎಷ್ಟು ಹಲ್ಲು?

ಕೆಲವರ ಕಸುಬು ಕೇಳಿದ ಕೂಡಲೇ ಜನ ಸುಮ್ಮನಾಗುತ್ತಾರೆ. ಪೊಲೀಸು ಅಂದರೆ ಸುಮ್ಮನಾಗುತ್ತಾರೆ, ವಿಮೆ ಏಜೆಂಟು ಅಂದರೆ ಎದ್ದೇ ಹೋಗುತ್ತಾರೆ. ನನ್ನ ಕಸುಬು ಕೇಳಿದವರು ಮಾತ್ರ ಇನ್ನಷ್ಟು ಹತ್ತಿರ ಸರಿದು ಕೂರುತ್ತಾರೆ. ನನ್ನ ಗ್ರಹಚಾರ ಶುರುವಾಗುವುದೇ ಅಲ್ಲಿಂದ.

ನಾನು ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ಕೊಟ್ಟೂರಿನಲ್ಲಿ. ಪಿಎಚ್‌.ಡಿಗೆ ಆರಿಸಿಕೊಂಡ ವಿಷಯ, ಸಿಡಿದು ಸತ್ತ ನಕ್ಷತ್ರಗಳ ಅವಶೇಷ. ದೊಡ್ಡ ನಕ್ಷತ್ರವೊಂದು ಆಯುಸ್ಸು ಮುಗಿದು ಸಿಡಿದಾಗ ಅದರ ಅನಿಲ ಸುತ್ತೆಲ್ಲ ಹರಡುತ್ತದೆ. ಸಾವಿರಾರು ವರ್ಷ ಕಳೆದರೂ ಅದು ಲಕ್ಷಗಟ್ಟಲೆ ಡಿಗ್ರಿ ಕಾದೇ ಇರುತ್ತದೆ. ಅಷ್ಟು ಕಾದದ್ದು ಹೆಚ್ಚಾಗಿ ಸೂಸುವುದು ಕಣ್ಣಿಗೆ ಕಾಣುವ ಬೆಳಕನ್ನಲ್ಲ, ಎಕ್ಸ್‌ರೇಯನ್ನು. ಅದನ್ನು ನಮ್ಮ ಗಾಳಿ ಕೆಳಕ್ಕೆ ಬಿಡುವುದಿಲ್ಲ. ಹಾಗಾಗಿ ದೂರದರ್ಶಕವನ್ನೇ ಉಪಗ್ರಹದಲ್ಲಿ ಕೂರಿಸಿ ಮೇಲಕ್ಕೆ ಕಳಿಸಿದ್ದಾರೆ. ಅದು ನೋಡಿದ್ದನ್ನು ನಾನು ಕೊಟ್ಟೂರಿನಲ್ಲಿ ಕೂತು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ. ಅನಿಲ ಎಷ್ಟು ಕಾದಿದೆ, ಎಷ್ಟು ದೂರ ಹರಡಿದೆ ಎಂದು ಅಳೆದು, ನಕ್ಷತ್ರ ಸತ್ತು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕುತ್ತೇನೆ. ಇಷ್ಟೇ ಕೆಲಸ.

ಪದವಿ ತರದಿದ್ದರೆ ಮುಂದಿನ ವರ್ಷದಿಂದ ಪಾಠಕ್ಕೆ ಬರುವ ಹಾಗಿಲ್ಲ ಎಂದು ಕಾಲೇಜಿನಲ್ಲಿ ಹೇಳಿಯಾಗಿತ್ತು. ವಿಶ್ವವಿದ್ಯಾಲಯದಲ್ಲಿ ನನ್ನ ನೋಂದಣಿಯ ಅವಧಿಯೂ ಮುಗಿಯುತ್ತ ಬಂದಿತ್ತು, ಇನ್ನು ಮುಂದೂಡುವ ದಾರಿ ಇರಲಿಲ್ಲ. ಪಾಠ ಮಾಡುವುದು ನನಗೆ ಪ್ರಾಣ. ಅದು ಕೈತಪ್ಪಿ ಹೋದರೆ ಏನು ಮಾಡಲಿ ಎಂಬ ಹೆದರಿಕೆ ಎದೆಯಲ್ಲಿ ಸದಾ ಕೂತಿರುತ್ತಿತ್ತು. ಆ ಹೆದರಿಕೆಯ ದಿನಗಳಲ್ಲಿ ನಡೆದ ಸಂಗತಿಗಳು ಇವು. ಆಗ ನನಗೆ ನಗು ಬಂದಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

೧. ದೂರದ್ದು, ಹತ್ತಿರದ್ದು

ಒಂದು ಬೆಳಿಗ್ಗೆ ಹಡಗಲಿ ತಾಲ್ಲೂಕಿನ ಇಟ್ಟಿಗಿಯಿಂದ ಒಬ್ಬ ಹಿರಿಯರು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ನನ್ನ ಗಂಡನ ಕಡೆಯ ದೂರದ ಬಳಗ. ಮಂಡಿನೋವು. ಕೈಯಲ್ಲಿ ಅಗಲವಾದ ಖಾಕಿ ಕವರು.

"ಎಕ್ಸ್‌ರೇ ನೋಡೋ ಸೊಸಿ ಅದಾಳಂತಲ್ಲ, ಕರೀರಿ," ಎಂದರು.

ಕವರಿನಿಂದ ಮೊಣಕಾಲಿನ ಫಿಲ್ಮ್ ತೆಗೆದು ನನ್ನ ಕೈಗೆ ಕೊಟ್ಟರು. ಹಿರಿಯರು ಕೊಟ್ಟದ್ದನ್ನು ಬೇಡ ಅನ್ನಬಾರದು ಎಂದು ನಾನು ಅದನ್ನು ಬಿಸಿಲಿಗೆ ಹಿಡಿದೆ. ಅದೇ ನಾನು ಮಾಡಿದ ತಪ್ಪು. ಹಿಡಿದ ಮೇಲೆ ಏನಾದರೂ ಹೇಳಲೇಬೇಕಲ್ಲ.

"ಅಜ್ಜಾರ, ನಾನು ಮನುಷ್ಯಾರದ್ದು ನೋಡಂಗಿಲ್ರಿ. ಆಕಾಶದಾಗ ನಕ್ಷತ್ರ ಸಿಡಿದಿರತಾವಲ್ಲ, ಅವುಗಳದ್ದು ನೋಡತೀನಿ."

"ಅವು ಎಷ್ಟು ದೂರ ಅದಾವ?"

"ಭಾಳ ದೂರ ಅದಾವ್ರಿ. ಅಲ್ಲಿಂದ ಬೆಳಕು ಇಲ್ಲಿಗೆ ಬರಾಕ ಸಾವಿರಾರು ವರ್ಷ ಬೇಕು."

"ಅಷ್ಟು ದೂರದ್ದು ನಿನಗ ಕಾಣತೈತಿ?"

"ಕಾಣತೈತ್ರಿ."

"ಇದು ನಿನ್ನ ಕೈಯಾಗ ಐತಿ. ಇದು ಕಾಣವಲ್ದು?"

"ನನಗ ಇದು ತಿಳಿಯಂಗಿಲ್ರಿ ಅಜ್ಜಾರ."

ಅಜ್ಜ ಫಿಲ್ಮನ್ನು ಮೆಲ್ಲಗೆ ಕವರಿಗೆ ಸೇರಿಸಿದರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಚಹಾ ಕುಡಿದು, ಮಂಡಿ ಹಿಡಿದು ಎದ್ದು, ಬಾಗಿಲಲ್ಲಿ ನನ್ನ ಗಂಡನನ್ನು ಪಕ್ಕಕ್ಕೆ ಕರೆದರು. ಅವರ ಮುಖದಲ್ಲಿ ತಮ್ಮ ಮಂಡಿಗಿಂತ ನನ್ನದೇ ಚಿಂತೆ ಹೆಚ್ಚಾಗಿತ್ತು.

"ತಮ್ಮಾ, ದೂರದ್ದು ಕಂಡು ಹತ್ತರದ್ದು ಕಾಣಲಿಲ್ಲ ಅಂದ್ರ ಅದು ಚಾಳೀಸು. ಸಣ್ಣ ವಯಸ್ಸಿಗೆ ಬಂದೈತಿ ಪಾಪ. ಲಗೂನ ಕಣ್ಣಿನ ಡಾಕ್ಟರಿಗೆ ತೋರಿಸು."

೨. ತಲೆಸ್ನಾನ

ನನ್ನ ಅತ್ತೆ ಮಡಿ ಮೈಲಿಗೆಯ ವಿಷಯದಲ್ಲಿ ಬಿಗಿ. ಉಳಿದದ್ದಕ್ಕೆಲ್ಲ ಒಳ್ಳೆಯವರು. ನಾನು ಲ್ಯಾಪ್‌ಟಾಪ್ ಮುಂದೆ ಕೂತರೆ ಪಕ್ಕದಲ್ಲಿ ಚಹಾ ಇಟ್ಟು ಸದ್ದಿಲ್ಲದೆ ಹೋಗುತ್ತಿದ್ದರು. ನಾನು ಏನು ಓದುತ್ತೇನೆ ಎಂದು ಅವರು ಕೇಳಿದವರೂ ಅಲ್ಲ, ನಾನು ಹೇಳಿದವಳೂ ಅಲ್ಲ. ಚೆನ್ನಾಗಿಯೇ ನಡೆದಿತ್ತು.

ಕೆಡಿಸಿದ್ದು ನಾನೇ. ಕಾಲೇಜಿನ ಒಂದು ಸಮಾರಂಭದಲ್ಲಿ ಭಾಷಣ ಮಾಡುತ್ತ, "ನಮ್ಮ ರಕ್ತದಲ್ಲಿರುವ ಕಬ್ಬಿಣ, ಮೂಳೆಯಲ್ಲಿರುವ ಸುಣ್ಣ, ಎಲ್ಲವೂ ಎಂದೋ ಸಿಡಿದು ಸತ್ತ ನಕ್ಷತ್ರಗಳಿಂದ ಬಂದದ್ದು. ನಾವೆಲ್ಲ ಆ ನಕ್ಷತ್ರಗಳ ಮಕ್ಕಳು," ಎಂದೆ. ಚಪ್ಪಾಳೆ ಬಿತ್ತು. ಮಾತು ಚೆನ್ನಾಗಿದೆ ಎಂದು ಗಂಡ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಅವ್ವನಿಗೆ ಕೇಳಿಸಿ, ನಾನು ಓದುತ್ತಿರುವುದೂ ಅಂಥದ್ದೇ ಒಂದು ಸತ್ತ ನಕ್ಷತ್ರ ಎಂದ.

ಮಾರನೆಯ ದಿನ ನಾನು ದೇವರ ದೀಪಕ್ಕೆ ಎಣ್ಣೆ ಹಾಕಲು ಹೋದರೆ ಅತ್ತೆ ಅಡ್ಡ ನಿಂತರು.

"ಅದು ಸತ್ತು ಎಷ್ಟು ದಿನ ಆತು?"

"ಯಾವುದ್ರಿ ಅತ್ತಿ?"

"ನೀ ಓದತೀಯಲ್ಲ, ಆ ನಕ್ಷತ್ರ."

"ಆರು ಸಾವಿರ ವರ್ಷ ಆಗೇತ್ರಿ."

ಅತ್ತೆಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಆದರೆ ಅವರು ಅಷ್ಟಕ್ಕೇ ಬಿಡುವವರಲ್ಲ. "ನಿನಗ ಸುದ್ದಿ ಬಂದದ್ದು ಯಾವಾಗ?"

ಸೂತಕದ ಲೆಕ್ಕ ಗೊತ್ತಿದ್ದವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಬಳಗದಲ್ಲಿ ಯಾರೋ ದೂರದೂರಲ್ಲಿ ಸತ್ತು ಸುದ್ದಿ ತಡವಾಗಿ ಬಂದರೆ, ಸತ್ತ ದಿನದಿಂದ ಅಲ್ಲ, ಕೇಳಿದ ದಿನದಿಂದ ಲೆಕ್ಕ. ತೀರಾ ತಡವಾಗಿದ್ದರೆ ಒಂದು ತಲೆಸ್ನಾನಕ್ಕೆ ಮುಗಿಯುತ್ತದೆ.

"ನಿನ್ನೆ ಉಪಗ್ರಹದ ಮಾಹಿತಿ ಇಳಿಸ್ಕೊಂಡೀನ್ರಿ," ಎಂದೆ.

"ಹಂಗಾರ ತಲಿ ಮ್ಯಾಲ ನೀರು ಹಾಕ್ಕೊಂಡು ಬಾ, ನಡಿ."

"ಅತ್ತಿ, ಅದು ನಮಗ ಏನಾಗಬೇಕು? ನಕ್ಷತ್ರ ಅದು!"

"ರಕ್ತ ಅದರದ್ದು, ಎಲುಬು ಅದರದ್ದು, ನಾವೆಲ್ಲ ಅದರ ಮಕ್ಕಳು ಅಂತ ಅಷ್ಟು ಮಂದಿ ಮುಂದ ಮೈಕಿನಾಗ ಒದರಿ ಬಂದೀದಿ. ಮನಿಗೆ ಬಂದು ಏನಾಗಬೇಕು ಅಂತ ಕೇಳತೀಯಲ್ಲ? ಹಡೆದವರಿಗೆ ಒಂದು ಚರಗಿ ನೀರು ಹಾಕ್ಕೊಳ್ಳಾಕ ಇಷ್ಟು ಬ್ಯಾಸರ?"

ಹೋಗಿ ತಲೆ ಮೇಲೆ ನೀರು ಹಾಕಿಕೊಂಡು ಬಂದೆ. ಅಂದಿನಿಂದ ನಾನು ಮಾಹಿತಿ ಇಳಿಸಿಕೊಳ್ಳಲು ಕೂತರೆ ಅತ್ತೆ ಹಿತ್ತಲಲ್ಲಿ ನೀರೊಲೆ ಹಚ್ಚುವುದು ಶುರುವಾಯಿತು. ಒಂದು ಸಲ ಮುಕ್ಕಾಲು ಇಳಿದಾಗ ಇಂಟರ್ನೆಟ್ಟು ನಿಂತುಬಿಟ್ಟಿತು. ಅತ್ತೆ ಹಿತ್ತಲಿನಿಂದಲೇ ಕೂಗಿ ಕೇಳಿದರು: "ಪೂರ್ತಿ ಸತ್ತೈತೋ, ಇನ್ನ ಜೀವ ಐತೋ? ನೀರು ಆರಾಕ ಹತ್ಯಾವು!"

೩. ಜಾಗ ಬಿಟ್ಟೀನಿ

ಕನ್ನಡದಲ್ಲಿ ವಿಜ್ಞಾನ ಎಂಬ ಒಂದು ಸಮ್ಮೇಳನಕ್ಕೆ ಭಿತ್ತಿಪತ್ರ ಬೇಕಿತ್ತು. ಕೂಡ್ಲಿಗಿಯಲ್ಲಿ ಫ್ಲೆಕ್ಸ್ ಅಂಗಡಿಯೊಂದಿದೆ. ಅದರ ಮಾಲೀಕ ಬೇರೆ ಬೇರೆ ಪಕ್ಷದವರ ಹುಟ್ಟುಹಬ್ಬವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸುವಷ್ಟು ಚುರುಕು. ನನ್ನ ನಕ್ಷತ್ರದ ಎಕ್ಸ್‌ರೇ ಚಿತ್ರ ಕೊಟ್ಟೆ. ಕೆಂಪು, ಹಸಿರು, ನೀಲಿ ಬಣ್ಣದ ಉಂಗುರ. ಶೀರ್ಷಿಕೆ ಬರೆದುಕೊಟ್ಟೆ: "ಒಂದು ನಕ್ಷತ್ರದ ಸಾವು." ಕೆಳಗೆ ನನ್ನ ಹೆಸರು, ಗೈಡ್ ಹೆಸರು, ಕಾಲೇಜಿನ ಹೆಸರು.

"ನಾಳೆ ಬಸ್ಸಿಗೆ ಇಡ್ತೀನಿ ಬಿಡ್ರಿ ಮೇಡಂ, ಇಂಥವು ದಿನಾ ಮಾಡತೀವಿ," ಎಂದ. ಇಂಥವನ್ನು ದಿನಾ ಮಾಡಿಸುವವರು ಕೂಡ್ಲಿಗಿಯಲ್ಲಿ ಯಾರಿದ್ದಾರೆ ಎಂದು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸುರುಳಿಯನ್ನು ನಾನು ಬಿಚ್ಚಿದ್ದು ಸಮ್ಮೇಳನದ ಸಭಾಂಗಣದಲ್ಲೇ. ಉಂಗುರಕ್ಕೆ ಸುತ್ತ ಹೂವಿನ ಹಾರ ಬಿದ್ದಿತ್ತು. ಎರಡು ಮೂಲೆಯಲ್ಲಿ ಎರಡು ದೀಪ ಉರಿಯುತ್ತಿದ್ದವು. ಮೇಲೆ ದಪ್ಪಕ್ಷರದಲ್ಲಿ "ಭಾವಪೂರ್ಣ ಶ್ರದ್ಧಾಂಜಲಿ". ಕೆಳಗೆ "ದುಃಖತಪ್ತರು" ಎಂದು ಬರೆದು ನನ್ನ ಹೆಸರು, ಗೈಡ್ ಹೆಸರು, ಮತ್ತು "ಕಾಲೇಜಿನ ಸಮಸ್ತ ಸಿಬ್ಬಂದಿ".

ಬೇರೆಯದಕ್ಕೆ ಸಮಯವಿರಲಿಲ್ಲ, ಅದನ್ನೇ ತೂಗುಹಾಕಿದೆ. ಅಂದು ಎಲ್ಲಕ್ಕಿಂತ ಹೆಚ್ಚು ಜನ ನಿಂತದ್ದು ನನ್ನ ಭಿತ್ತಿಪತ್ರದ ಮುಂದೆಯೇ. ಒಬ್ಬರು ಚಪ್ಪಲಿ ಬಿಟ್ಟು ಕೈಮುಗಿದು, "ಯಾವ ವಿಭಾಗದವರಾಗಿದ್ದರು?" ಎಂದು ತಗ್ಗಿದ ದನಿಯಲ್ಲಿ ಕೇಳಿ ಹೋದರು.

ಸಿಟ್ಟು ನೆತ್ತಿಗೇರಿ ಅಂಗಡಿಗೆ ಫೋನು ಮಾಡಿದೆ. "ಏನ್ ಮಾಡಿಟ್ಟೀಯಪ್ಪಾ ಇದನ್ನ?"

ಅವನು ಬೇರೆ ಏನನ್ನೋ ಅರ್ಥ ಮಾಡಿಕೊಂಡು ಸಮಾಧಾನದಿಂದಲೇ ಹೇಳಿದ: "ಅದು ನನ್ನ ತಪ್ಪಲ್ರಿ ಮೇಡಂ. ಹುಟ್ಟಿದ್ದು, ಸತ್ತದ್ದು ನೀವ ಕೊಟ್ಟಿದ್ದಿಲ್ಲ. ಕೆಳಗ ಜಾಗ ಬಿಟ್ಟೀನಿ ನೋಡ್ರಿ, ಸ್ಕೆಚ್ ಪೆನ್ನಿಲೆ ತುಂಬ್ಕೊಳ್ರಿ."

ನೋಡಿದೆ. ನಿಜವಾಗಿಯೂ ಬಿಟ್ಟಿದ್ದ. "ಜನನ" ಎಂದು ಒಂದು ಗೆರೆ, "ಮರಣ" ಎಂದು ಒಂದು ಗೆರೆ. ಆ ಎರಡನೆಯ ಗೆರೆ ತುಂಬುವುದಕ್ಕೇ ನಾನು ಇಷ್ಟು ವರ್ಷ ಒದ್ದಾಡುತ್ತಿರುವುದು ಎಂದು ಅವನಿಗೆ ಹೇಗೆ ಹೇಳಲಿ?

೪. ರೂಢಿ

ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು. ಹರಪನಹಳ್ಳಿ ಕಡೆಯವರಾದ ನಮ್ಮ ಪ್ರಾಂಶುಪಾಲರು ನನ್ನನ್ನು ಕರೆಸಿ, "ಮೇಡಂ, ಸಂಶೋಧನೆ ನಡೀತೈತೆ ಅಂತ ತೋರಿಸಬೇಕು. ನಿಮ್ಮ ಮಿಷಿನ್ ಎಲ್ಲೈತೆ?" ಎಂದರು.

ನಾನು ಮೇಲಕ್ಕೆ ಬೆರಳು ತೋರಿಸಿದೆ. ಅವರು ಫ್ಯಾನ್ ನೋಡಿದರು.

ಉಪಗ್ರಹದ ವಿಷಯ ವಿವರಿಸಿದೆ. ಅದನ್ನು ತಂಡಕ್ಕೆ ತೋರಿಸಲಾಗದು ಎಂಬುದಷ್ಟೇ ಅವರಿಗೆ ಮುಖ್ಯವಾಯಿತು. ಹಳೆಯ ಕ್ರೀಡಾ ಸಾಮಗ್ರಿಯ ಕೋಣೆ ಗುಡಿಸಿ, ಒಂದು ಮೇಜು ಇಟ್ಟು, ನನ್ನ ಲ್ಯಾಪ್‌ಟಾಪ್ ಇರಿಸಿ, ಬಾಗಿಲ ಮೇಲೆ ಕೆಂಪಕ್ಷರದಲ್ಲಿ "ಎಕ್ಸ್‌ರೇ ಸಂಶೋಧನಾ ಕೊಠಡಿ" ಎಂದು ಬರೆಸಿದರು. ಬರೆದ ಪೇಂಟರು ಬೋರ್ಡು ಗಂಭೀರವಾಗಿ ಕಾಣಲಿ ಎಂದು ತನ್ನದೇ ಪ್ರೀತಿಯಿಂದ ಪಕ್ಕದಲ್ಲಿ ಒಂದು ತಲೆಬುರುಡೆ ಬಿಡಿಸಿದ್ದ.

ಮೂವರ ತಂಡ ಬಂತು. ಗ್ರಂಥಾಲಯ ನೋಡಿದರು, ಶೌಚಾಲಯ ನೋಡಿದರು, ನನ್ನ ಕೋಣೆಯ ಮುಂದೆ ಬಂದು ಬೋರ್ಡು ಓದಿ ನಿಂತರು. ಒಳಗೆ ಬರಲಿಲ್ಲ. ನಾನು ಒಳಗಿನಿಂದ "ಬನ್ನಿ ಸರ್," ಎಂದೆ. ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು.

"ಇಲ್ಲಿ ವಿಕಿರಣ ಗಿಕಿರಣ ಏನಾದರೂ ಇದೆಯಾ?" ಎಂದು ಮುಖ್ಯಸ್ಥರು ಪ್ರಾಂಶುಪಾಲರನ್ನು ಕೇಳಿದರು.

ಇಲ್ಲ ಅಂದರೆ ಸಂಶೋಧನೆಯೇ ಇಲ್ಲ ಅಂದ ಹಾಗಾಗುತ್ತದೆ, ಇದೆ ಅಂದರೆ ಕೇಸು. ಪ್ರಾಂಶುಪಾಲರು ನಡುದಾರಿ ಹಿಡಿದರು.

"ಇರತೈತೆ ಸರ್, ಸ್ವಲ್ಪ. ಮೇಡಂಗೆ ರೂಢಿ ಆಗೈತೆ."

೫. ಸಂತೆಯ ರಿವಾಜು

ಕಡೆಗೂ ಪ್ರಬಂಧ ಬರೆದು ಕೊಟ್ಟೆ. ವೈವಾ ಎಂಬ ಮೌಖಿಕ ಪರೀಕ್ಷೆ ಆನ್‌ಲೈನಿನಲ್ಲಿ ನಡೆಯಲಿ ಎಂದು ವಿಶ್ವವಿದ್ಯಾಲಯ ಒಪ್ಪಿತು. ಪರೀಕ್ಷಕರು ಸರಿ ಎಂದರೆ ಪದವಿ. ಒಂದು ಅಧ್ಯಾಯ ಹೊಸದಾಗಿ ಮಾಡಿ ಎಂದರೆ ಅಷ್ಟರಲ್ಲಿ ಅವಧಿ ಮುಗಿದು ಎಲ್ಲ ಮಣ್ಣುಪಾಲು. ಪರೀಕ್ಷಕರು ಧಾರವಾಡದ ಕಡೆಯ ಹಿರಿಯ ಪ್ರಾಧ್ಯಾಪಕರು. ಅವರು ನಕ್ಕದ್ದನ್ನು ಕಂಡವರಿಲ್ಲ ಎಂದು ನನ್ನ ಗೈಡ್ ಮೊದಲೇ ಎಚ್ಚರಿಸಿದ್ದರು.

ನಮ್ಮ ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ವೈವಾ ಎಂದರೆ ಮುಕ್ತ ಸಭೆ, ಯಾರು ಬೇಕಾದರೂ ಕೇಳಬಹುದು ಎಂದು ಗಂಡ ಎಲ್ಲೋ ಬಾಯಿಬಿಟ್ಟಿದ್ದ. ನಮ್ಮಲ್ಲಿ ಒಬ್ಬರನ್ನು ನಾಲ್ಕು ಜನ ಕೂಡಿಸಿ ವಿಚಾರಿಸುತ್ತಾರೆ ಅಂದರೆ ಅವರ ಬೆನ್ನಿಗೆ ಬಳಗ ಬಂದು ಕೂರಲೇಬೇಕು. ಹಾಗಾಗಿ ನನ್ನ ಸೋದರಮಾವ ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಂದು ನನ್ನ ಹಿಂದೆ ಕುರ್ಚಿ ಎಳೆದುಕೊಂಡ.

ಮಾವ ಕುರಿ ಸಂತೆಯ ದಲ್ಲಾಳಿ. ಕೊಡುವವನ, ಕೊಳ್ಳುವವನ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವನ ಕಸುಬು. ಕುರಿಗೆ ಜಾತಕ ಬರೆಸಿರುವುದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ವಯಸ್ಸು ಏರಿದಂತೆ ಬೆಲೆ ಇಳಿಯುತ್ತದೆ. ಅದಕ್ಕೇ ಕೊಡುವವನು ಎಳೆಯದು ಅನ್ನುತ್ತಾನೆ, ಕೊಳ್ಳುವವನು ಮುದಿ ಅನ್ನುತ್ತಾನೆ. ಆ ಜಗಳ ಬಿಡಿಸುವುದರಲ್ಲಿ ಮಾವನದು ಎತ್ತಿದ ಕೈ.

ಮೊದಲ ಅರ್ಧ ಗಂಟೆ ಚೆನ್ನಾಗಿ ಹೋಯಿತು. ಆಮೇಲೆ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡರು.

"ಈ ಅವಶೇಷದ ವಯಸ್ಸು ಆರು ಸಾವಿರ ವರ್ಷ ಅಂತ ಬರದೀರಿ. ಹೆಂಗ?"

ಅನಿಲದ ಕಾವು, ಹರಡಿದ ಅಗಲ, ಎಲ್ಲ ಹೇಳಿದೆ.

"ಅದು ನೀವು ತಿಳಿದದ್ದಕ್ಕಿಂತ ದೂರ ಅದ. ದೂರ ಅದ ಅಂದ್ರ ದೊಡ್ಡದದ. ದೊಡ್ಡದದ ಅಂದ್ರ ಹಳೇದದ. ಹತ್ತು ಸಾವಿರಕ್ಕ ಕಡಿಮಿ ಇಲ್ಲ."

"ಇಲ್ಲ ಸರ್, ಆರೇ," ಎಂದೆ. ಹೆದರಿದಾಗ ನಾನು ಮೊಂಡಾಗುತ್ತೇನೆ. ಅವರು ಹತ್ತು ಅಂದರು, ನಾನು ಆರು ಅಂದೆ. ಅವರು ದನಿ ಏರಿಸಿದರು, ನಾನೂ ಏರಿಸಿದೆ. ನನ್ನ ಗೈಡ್ ತಮ್ಮ ಮೈಕು ಬಂದ್ ಮಾಡಿ ತಲೆ ತಗ್ಗಿಸಿ ಕೂತರು.

"ಹಂಗಾದ್ರ ಆ ಅಧ್ಯಾಯ ಪೂರ್ತಿ ಮತ್ತೊಮ್ಮೆ ಮಾಡಬೇಕಾಗ್ತದ ನೋಡ್ರಿ," ಎಂದರು ಪರೀಕ್ಷಕರು.

ಕಾಲೇಜು, ಕಪ್ಪು ಹಲಗೆ, ನನ್ನ ತರಗತಿಯ ಹುಡುಗಿಯರು, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಸಭೆ ನಡೆಸುತ್ತಿದ್ದವರು ನಿಯಮದಂತೆ, "ಕೇಳುಗರಲ್ಲಿ ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಬಹುದು," ಎಂದರು.

ಹಿಂದೆ ಮಾವ ನನ್ನ ಗಂಡನನ್ನು ಪಿಸುಗುಟ್ಟಿ ಕೇಳುತ್ತಿದ್ದ: "ಯಾತರ ಜಗಳ ಅದು?"

"ವಯಸ್ಸಿಂದು ಮಾವ. ಈಕಿ ಆರು ಅಂತಾಳ, ಅವರು ಹತ್ತು ಅಂತಾರ."

"ಅಷ್ಟ ಏನು?" ಎಂದು ಮಾವ ಎದ್ದ. ನಾನು ತಡೆಯುವ ಮೊದಲೇ ಅವನ ಮೀಸೆ ಕ್ಯಾಮೆರಾ ತುಂಬ ಬಂದಾಗಿತ್ತು.

"ಸಾಹೇಬ್ರ, ನಮಸ್ಕಾರ್ರಿ. ನಾ ಈಕಿ ಸ್ವಾದರಮಾವ. ಆದ್ರ ಮಾತಿಗೆ ನಿಂತೆ ಅಂದ್ರ ಇಬ್ಬರ ಕಡಿಯವ ನಾನು. ಒಂದ ಒಂದು ಕೇಳತೀನಿ. ಅದರ ಹಲ್ಲು ನೋಡಿರೇನು?"

ಪರೀಕ್ಷಕರು ಬಾಗಿ ತೆರೆಯ ಹತ್ತಿರ ಬಂದರು. "ಯಾತರ ಹಲ್ಲು?"

"ವಯಸ್ಸಿನ ಮಾತು ನಡದೈತಲ್ರಿ, ಅದರದ್ದು."

"ಅದಕ್ಕ ಹಲ್ಲಿಲ್ರಿ ಯಜಮಾನ್ರ."

ಮಾವ ನನ್ನ ಕಡೆ ತಿರುಗಿದ. ಸೊಸೆ ಇಂಥ ಕೆಲಸಕ್ಕೆ ಇಳಿದಳೇ ಎಂಬ ನೋವು ಅವನ ಮುಖದಲ್ಲಿತ್ತು. "ಲೇ ಯವ್ವಾ, ಹಲ್ಲು ಉದುರಿದ್ದನ್ನ ತಂದು ನಿಲ್ಲಿಸಿ ಆರು ಅಂತ ಕುಂತೀದಿ? ಅವರು ಹತ್ತು ಅಂದದ್ದು ಅವರ ದೊಡ್ಡಸ್ತನ!"

ಪರೀಕ್ಷಕರ ಹೆಗಲು ಅಲುಗಿದ್ದನ್ನು ನಾನು ಕಂಡೆ. ಮಾವ ಮತ್ತೆ ಅವರ ಕಡೆ ತಿರುಗಿದ. "ನೀವೂ ತಪ್ಪು ತಿಳೀಬ್ಯಾಡ್ರಿ. ಕೊಡಾರು ಕಡಿಮಿನ ಹೇಳಬೇಕು, ಕೊಳ್ಳಾರು ಜಾಸ್ತಿನ ಹೇಳಬೇಕು. ಅದು ಸಂತಿ ರಿವಾಜು. ಈಗ ಈಕಿ ಮಾತೂ ಬ್ಯಾಡ, ನಿಮ್ಮ ಮಾತೂ ಬ್ಯಾಡ. ಎಂಟಕ್ಕ ಮುಗಿಸ್ರಿ."

ಪರೀಕ್ಷಕರು ನಕ್ಕರು. ಸಣ್ಣ ನಗೆಯಲ್ಲ. ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು, ಮತ್ತೆ ನಕ್ಕರು. ಆಮೇಲೆ ನನ್ನನ್ನು ನೋಡಿ ಹೇಳಿದರು: "ಯಜಮಾನ್ರು ಹೇಳಿದ್ದು ಖರೆ ಅದ, ನಾನೂ ಹತ್ತನ್ನ ಹಿಡಕೊಂಡು ಕೂತಿದ್ದೆ. ಒಂದ ಅಂಕಿಗೆ ಜೋತು ಬೀಳಬ್ಯಾಡ್ರಿ. ದೂರ ಗಟ್ಟಿ ಗೊತ್ತಾಗೂತನಕ ಆರರಿಂದ ಹತ್ತು ಸಾವಿರದ ನಡುವ ಅಂತ ಬರೀರಿ. ಅಷ್ಟು ತಿದ್ದಿ ಕಳಿಸಿದ್ರ ಅಧ್ಯಾಯ ಹಂಗ ಇರಲಿ."

"ತಿದ್ದತೀನಿ ಸರ್," ಎಂದೆ. ಮಾವನಿಗೆ ಖಗೋಳ ವಿಜ್ಞಾನ ಗೊತ್ತಿತ್ತು ಎಂದು ಯಾರೂ ತಿಳಿಯಬೇಡಿ. ಅವನು ಏನೇ ಬರಲಿ ನಡುವೆ ಕತ್ತರಿಸಿಯೇ ವ್ಯಾಪಾರ ಮುಗಿಸುವವನು, ನನ್ನ ಮದುವೆಯ ಊಟದ ಖರ್ಚಿನ ಜಗಳವನ್ನೂ ಹಾಗೆಯೇ ಮುಗಿಸಿದ್ದ.

ಆದರೆ ಸಂತೆಯಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ ಬೆರಳು ಒತ್ತಿದರೇ ವ್ಯವಹಾರ ಮುಗಿದ ಹಾಗೆ. ಮಾವ ಹೆಗಲಿನ ಟವೆಲ್ಲು ತೆಗೆದು ಕೈಮೇಲೆ ಹೊದಿಸಿ ಲ್ಯಾಪ್‌ಟಾಪಿನ ಮುಂದೆ ಚಾಚಿದ. ನನಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಕಡೆ ಪ್ರಾಧ್ಯಾಪಕರು ಹಿಂದಕ್ಕೆ ತಿರುಗಿ, ತಮ್ಮ ಕುರ್ಚಿಯ ಬೆನ್ನಿಗೆ ಹಾಕಿದ್ದ ಬಿಳಿ ಟವೆಲ್ಲು ಎಳೆದು, ತಮ್ಮ ಕೈಮೇಲೆ ಹೊದಿಸಿ, ಕ್ಯಾಮೆರಾಕ್ಕೆ ಹಿಡಿದರು. ಗೈಡ್ ಮೈಕು ಹಾಕಿದರು, ಅವರ ನಗು ಮಾತ್ರ ಕೇಳಿಸಿತು.

"ಅಭಿನಂದನೆ, ಡಾಕ್ಟರ್," ಎಂದರು ಸಭೆ ನಡೆಸುತ್ತಿದ್ದವರು.

ಅಳು, ನಗು ಎರಡೂ ಒಟ್ಟಿಗೆ ಬಂದು ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅತ್ತೆ ಬಂದು ನನ್ನ ತಲೆ ಸವರಿದರು. ಎಲ್ಲರಿಗೂ ಕೈಮುಗಿದು ಲ್ಯಾಪ್‌ಟಾಪ್ ಮುಚ್ಚಲು ಹೋದರೆ ಮಾವ ನನ್ನ ಕೈ ಹಿಡಿದು ನಿಲ್ಲಿಸಿದ.

"ತಡಿಯವ್ವಾ, ಮುಖ್ಯದ್ದ ಮಾತಾಡಿಲ್ಲ," ಎಂದು ಮತ್ತೆ ತೆರೆಯ ಮುಂದೆ ಬಾಗಿದ. "ಸಾಹೇಬ್ರ, ಅದನ್ನ ಹೇರಕೊಂಡು ಹೋಗಾಕ ಗಾಡಿ ಕಳಸತೀರೋ, ನಾವ ಮಾಡಬೇಕೋ? ಇವತ್ತ ಒಯ್ದುಬಿಡ್ರಿ. ಹಲ್ಲಿಲ್ಲದ್ದನ್ನ ನಾವು ಹೆಂಗ ಮೇಯಿಸೂಣು?"